ಹುಡಿ ಬದಲಿಸಿದರೆ ಸಾಲದು: ಬ್ರಾಯ್ಲರ್ ಕೋಳಿ, ಆ್ಯಂಟಿಬಯಾಟಿಕ್ ಮತ್ತು ಗಿಡಮೂಲಿಕೆ

ಆಟಿ ತಿಂಗಳ ಒಂದು ಮಧ್ಯಾಹ್ನ, ಕಾರ್ಕಳ ತಾಲ್ಲೂಕಿನ ಬ್ರಾಯ್ಲರ್ ಫಾರಂ ಒಂದರ ಫೀಡ್ ಕೋಣೆಯ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದೆವು. ಹೊರಗೆ ಮಳೆ ಬಿಟ್ಟೂಬಿಡದೆ ಸುರಿಯುತ್ತಿತ್ತು. ಫಾರಂ ನಡೆಸುವ ಹಿರಿಯರು ಗೋಡೆಯ ಬದಿಯಲ್ಲಿ ಬೆಳೆದಿದ್ದ ಸಾಂಬ್ರಾಣಿ ಗಿಡದಿಂದ, ಅಂದರೆ ಘಟ್ಟದ ಮೇಲಿನವರು ದೊಡ್ಡಪತ್ರೆ ಎನ್ನುವ ಗಿಡದಿಂದ, ದಪ್ಪ ಎಲೆಯೊಂದನ್ನು ಕಿತ್ತು ಬೆರಳುಗಳ ನಡುವೆ ಹೊಸಕಿ ನನ್ನ ಮೂಗಿನ ಹತ್ತಿರ ಹಿಡಿದರು. ಓಮದಂಥ ಘಾಟು. ಆಮೇಲೆ ಒಳಗಿನಿಂದ ಒಂದು ಪ್ಯಾಕೆಟ್ ತಂದು ಅದನ್ನೂ ಮೂಸಲು ಹೇಳಿದರು. ಹೆಚ್ಚುಕಡಿಮೆ ಅದೇ ಘಾಟು. "ಡಾಕ್ಟ್ರೇ, ಆ್ಯಂಟಿಬಯಾಟಿಕ್ ಹುಡಿ ಇನ್ನು ಬೇಡ, ಇದನ್ನು ಹಾಕಿ ಅಂತ ಕಂಪೆನಿಯ ಸೂಪರ್‌ವೈಸರ್ ಕೊಟ್ಟು ಹೋಗಿದ್ದಾರೆ. ಪರಿಮಳ ಎರಡಕ್ಕೂ ಒಂದೇ. ಹಾಗಾದ್ರೆ ನಮ್ಮ ಹಿತ್ತಿಲಿನದ್ದನ್ನೇ ಅರೆದು ಹಾಕಿದ್ರೆ ಆಗ್ತದಾ?"

ಅವರ ಮೂಗು ತಪ್ಪಿರಲಿಲ್ಲ. ಯುರೋಪಿನ ಓರೆಗಾನೊ ಎಣ್ಣೆಯಲ್ಲಿ ಇರುವ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಸಂಯುಕ್ತಗಳು ನಮ್ಮ ಸಾಂಬ್ರಾಣಿ ಎಲೆಯಲ್ಲೂ ಇವೆ. ಓಮದ ಎಣ್ಣೆಯ ದೊಡ್ಡ ಪಾಲು ಥೈಮಾಲ್. ಬೇಸಿಗೆಯಲ್ಲಿ ಮಜ್ಜಿಗೆಯ ಜೊತೆ ಅರೆದು ತಂಬುಳಿ ಮಾಡುವ ಎಲೆಗೂ ದುಬಾರಿ ಪ್ಯಾಕೆಟ್ಟಿಗೂ ರಸಾಯನಶಾಸ್ತ್ರದಲ್ಲಿ ನಂಟಿರುವುದು ನಿಜ. ಆದರೆ ಅವರ ಪ್ರಶ್ನೆಗೆ "ಆಗ್ತದೆ" ಎಂದೋ "ಆಗುವುದಿಲ್ಲ" ಎಂದೋ ಒಂದೇ ಮಾತಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಏಕೆಂದರೆ ತೆಗೆದುಹಾಕುತ್ತಿರುವ ಹುಡಿ ಇಷ್ಟು ವರ್ಷ ಶೆಡ್ಡಿನಲ್ಲಿ ಏನು ಕೆಲಸ ಮಾಡುತ್ತಿತ್ತು ಎಂಬುದು ಮೊದಲು ಗೊತ್ತಾಗದೆ, ಆ ಜಾಗಕ್ಕೆ ಏನು ಬರಬೇಕು ಎಂಬುದನ್ನು ತೀರ್ಮಾನಿಸಲಾಗದು.

ಬೆಳವಣಿಗೆಗೆಂದು ಕೋಳಿಗೆ ಆ್ಯಂಟಿಬಯಾಟಿಕ್ ಕೊಡುವ ಪದ್ಧತಿ ಹುಟ್ಟಿದ್ದು 1940ರ ದಶಕದಲ್ಲಿ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಕ್ಲೋರ್‌ಟೆಟ್ರಾಸೈಕ್ಲಿನ್ ತಯಾರಿಸಿ ಉಳಿದ ಚರಟವನ್ನು ಬಿ-12 ವಿಟಮಿನ್ನಿನ ಆಸೆಯಿಂದ ಮರಿಗಳಿಗೆ ತಿನ್ನಿಸಿದಾಗ, ವಿಟಮಿನ್ನಿನ ಲೆಕ್ಕಕ್ಕೆ ಸಿಗದಷ್ಟು ವೇಗದಲ್ಲಿ ಮರಿಗಳು ಬೆಳೆದವು. ಚರಟದಲ್ಲಿ ಉಳಿದಿದ್ದ ಅಲ್ಪ ಪ್ರಮಾಣದ ಔಷಧಿಯೇ ಅದಕ್ಕೆ ಕಾರಣ ಎಂದು ಗೊತ್ತಾದ ಮೇಲೆ, 1951ರಲ್ಲಿ ಪಶುವೈದ್ಯರ ಚೀಟಿಯಿಲ್ಲದೆಯೇ ಆ್ಯಂಟಿಬಯಾಟಿಕ್ಕನ್ನು ಮೇವಿಗೆ ಬೆರೆಸಲು ಅಲ್ಲಿ ಅನುಮತಿ ಸಿಕ್ಕಿತು. ಅಲ್ಲಿಂದ ಈ ಪದ್ಧತಿ ಜಗತ್ತಿಗೆ ಹರಡಿತು. ನಮ್ಮಲ್ಲಿ ಬ್ಯಾಸಿಟ್ರಾಸಿನ್, ಎನ್ರಾಮೈಸಿನ್, ಟೈಲೋಸಿನ್, ವರ್ಜಿನಿಯಾಮೈಸಿನ್ ಎಂಬ ಹೆಸರುಗಳು ಫೀಡ್ ಮಿಲ್ಲಿನವರಿಗೆ ಉಪ್ಪು-ಸುಣ್ಣದಷ್ಟು ಪರಿಚಿತ. ಒಂದು ಟನ್ ಫೀಡಿಗೆ ಬೇಕಾಗುವುದು ಕೆಲವು ಗ್ರಾಂಗಳಿಂದ ಕೆಲವು ಹತ್ತು ಗ್ರಾಂಗಳವರೆಗೆ ಮಾತ್ರ. ಕಾಯಿಲೆ ವಾಸಿಮಾಡಲು ಅಷ್ಟು ಸಾಲದು. ಕರುಳಿನ ಸೂಕ್ಷ್ಮಾಣುಗಳನ್ನು ಅಲುಗಾಡಿಸಲು ಸಾಕು.

ಇಲ್ಲಿ ಒಂದು ಹಳೆಯ ಪ್ರಯೋಗವನ್ನು ನೆನೆಯಬೇಕು. ನನ್ನ ಮಟ್ಟಿಗೆ ಇಡೀ ಚರ್ಚೆಯ ಕೀಲಿಕೈ ಅದೇ. ಸೂಕ್ಷ್ಮಾಣುಗಳೇ ಇಲ್ಲದ ಕೋಣೆಯಲ್ಲಿ ಹುಟ್ಟಿಸಿ ಬೆಳೆಸಿದ ಮರಿಗಳಿಗೆ ಇದೇ ಆ್ಯಂಟಿಬಯಾಟಿಕ್ ಕೊಟ್ಟರೆ ಬೆಳವಣಿಗೆ ಹೆಚ್ಚುವುದಿಲ್ಲ. ಅಂದರೆ ಈ ಹುಡಿಗೆ ಕೋಳಿಯನ್ನು ಬೆಳೆಸುವ ಗುಣವೇ ಇಲ್ಲ. ಬೆಳವಣಿಗೆಯನ್ನು ಹಿಂದಕ್ಕೆ ಎಳೆಯುವ ಯಾವುದೋ ಒಂದನ್ನು ಅದು ತಡೆಯುತ್ತದೆ. ಎಳೆಯುವುದು ಏನು ಎಂಬುದರ ಬಗ್ಗೆ ಹಲವು ವಿವರಣೆಗಳಿವೆ. ಸಣ್ಣ ಕರುಳಿನಲ್ಲಿ ಹೆಚ್ಚಿಕೊಂಡ ಬ್ಯಾಕ್ಟೀರಿಯಾಗಳು ಕೋಳಿಗೆ ಸಿಗಬೇಕಾದ ಪೋಷಕಾಂಶದಲ್ಲಿ ಪಾಲು ಕೇಳುತ್ತವೆ. ಕೆಲವು ಪಿತ್ತಲವಣಗಳನ್ನು ಒಡೆದು ಕೊಬ್ಬಿನ ಜೀರ್ಣವನ್ನು ಕೆಡಿಸುತ್ತವೆ. ಕ್ಲಾಸ್ಟ್ರೀಡಿಯಂ ಪರ್‌ಫ್ರಿಂಜೆನ್ಸ್ ಎಂಬುದು ಹೊರಗೆ ಕಾಯಿಲೆ ತೋರಿಸದೆಯೇ ಕರುಳಿನ ಒಳಪದರವನ್ನು ಕೊರೆಯುತ್ತದೆ. ಇವೆಲ್ಲದರ ವಿರುದ್ಧ ಸದಾ ಉರಿಯುತ್ತಿರುವ ಕರುಳಿಗೆ ಶಕ್ತಿ ಖರ್ಚಾಗುತ್ತದೆ. ಈ ಹೊರೆ ಎಲ್ಲಿ ಹೆಚ್ಚೋ ಅಲ್ಲಿ ಆ್ಯಂಟಿಬಯಾಟಿಕ್ಕಿನ ಲಾಭ ಹೆಚ್ಚು. ನೆಲ ಒಣಗಿದ್ದು, ನೀರು ಶುದ್ಧವಾಗಿದ್ದು, ಮರಿಗೆ ಮೊದಲ ವಾರ ಸರಿಯಾದ ಬಿಸಿ ಸಿಕ್ಕ ಶೆಡ್ಡಿನಲ್ಲಿ ಅದರ ಲಾಭ ಅತ್ಯಲ್ಪ. ಶೆಡ್ಡಿನ ಕೊರತೆಗಳನ್ನು ಮುಚ್ಚಿಹಾಕುವ ಅಗ್ಗದ ಚಾದರವಾಗಿ ಅದು ದಶಕಗಳ ಕಾಲ ದುಡಿಯಿತು ಎಂದು ಹೇಳಿದರೆ ತಪ್ಪಾಗದು. ಚಾದರವನ್ನು ತೆಗೆದಾಗ ಕಾಣಿಸುವುದು ಆ ಕೊರತೆಗಳೇ.

ಅದನ್ನು ಏಕೆ ತೆಗೆಯಲೇಬೇಕು ಎಂಬುದರ ಬಗ್ಗೆ ಈಗ ತಜ್ಞರಲ್ಲಿ ದೊಡ್ಡ ಭಿನ್ನಾಭಿಪ್ರಾಯವಿಲ್ಲ. ಸಾಯಿಸಲು ಸಾಲದಷ್ಟು ಔಷಧಿಯನ್ನು ಸಾವಿರಾರು ಕೋಳಿಗಳಿಗೆ ದಿನವೂ ತಿನ್ನಿಸುವುದೆಂದರೆ, ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧ ಕಲಿಸುವ ಶಾಲೆ ತೆರೆದಂತೆ. ಯುರೋಪಿನಲ್ಲಿ ಅವೊಪಾರ್ಸಿನ್ ಎಂಬ ಬೆಳವಣಿಗೆಯ ಹುಡಿ ಬಳಸಿದ ಫಾರಂಗಳಲ್ಲಿ, ಆಸ್ಪತ್ರೆಗಳು ನೆಚ್ಚಿಕೊಂಡಿದ್ದ ವ್ಯಾಂಕೊಮೈಸಿನ್ ಔಷಧಿಗೂ ಜಗ್ಗದ ಎಂಟೆರೊಕಾಕಸ್ ಎಂಬ ಕರುಳಿನ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ಎರಡೂ ಔಷಧಿಗಳು ಒಂದೇ ಕುಟುಂಬದವು. ಡೆನ್ಮಾರ್ಕ್ 1995ರಲ್ಲಿ ಅದನ್ನು ನಿಷೇಧಿಸಿತು. ಸ್ವೀಡನ್ 1986ರಲ್ಲೇ ಎಲ್ಲ ಬೆಳವಣಿಗೆ ಆ್ಯಂಟಿಬಯಾಟಿಕ್ಕುಗಳನ್ನು ನಿಲ್ಲಿಸಿತ್ತು. ಯುರೋಪಿನ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿಯಾಗಿ ನಿಲ್ಲಿಸಿತು. ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಔಷಧಿಗಳ ಮಟ್ಟಿಗೆ ಅಮೆರಿಕ 2017ರಲ್ಲಿ, ಮೇವಿನ ಮಟ್ಟಿಗೆ ಚೀನಾ 2020ರಲ್ಲಿ ಇದೇ ದಾರಿ ಹಿಡಿದವು.

ಭಾರತದಲ್ಲಿ ಎಚ್ಚರ ತುಂಡುತುಂಡಾಗಿ ಬಂತು. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 70 ಕೋಳಿ ಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಲ್ಲಿ ಆ್ಯಂಟಿಬಯಾಟಿಕ್ಕಿನ ಉಳಿಕೆ ಸಿಕ್ಕಿತು. ತೀವ್ರನಿಗಾ ಘಟಕಗಳಲ್ಲಿ ಕೊನೆಯ ಅಸ್ತ್ರವೆಂದು ಇಟ್ಟುಕೊಂಡಿದ್ದ ಕಾಲಿಸ್ಟಿನ್ ನಮ್ಮ ಫೀಡ್ ಚೀಲಗಳಲ್ಲಿ ಯಾವ ಅಂಕೆಯೂ ಇಲ್ಲದೆ ಹೋಗುತ್ತಿತ್ತು. 2019ರ ಜುಲೈಯಲ್ಲಿ ಕೇಂದ್ರ ಸರಕಾರ ಆಹಾರಕ್ಕೆ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಆಹಾರ ಸುರಕ್ಷತಾ ಪ್ರಾಧಿಕಾರದ 2024ರ ತಿದ್ದುಪಡಿಯಂತೆ, 2025ರ ಏಪ್ರಿಲ್ 1ರಿಂದ ಮಾಂಸ, ಹಾಲು, ಮೊಟ್ಟೆ, ಮೀನು ಉತ್ಪಾದನೆಯ ಯಾವ ಹಂತದಲ್ಲೂ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್, ಕಾಲಿಸ್ಟಿನ್ ಮೊದಲಾದವುಗಳನ್ನು ಬಳಸುವಂತಿಲ್ಲ. ಸಿಗಡಿ ರಫ್ತಿನ ಒಡನಾಟವಿರುವ ಕರಾವಳಿಗೆ ಈ ಹೆಸರುಗಳು ಹೊಸವಲ್ಲ. ನೈಟ್ರೋಫ್ಯೂರಾನಿನ ಉಳಿಕೆ ಸಿಕ್ಕಿತೆಂದು ಕಂಟೇನರುಗಳು ವಾಪಸು ಬಂದರೆ ಏನಾಗುತ್ತದೆ ಎಂಬುದು ಮೀನಿನ ವ್ಯವಹಾರದವರಿಗೆ ಬಹಳ ಹಿಂದೆಯೇ ಗೊತ್ತು. ಹೊರದೇಶದವನ ತಟ್ಟೆಯ ಬಗ್ಗೆ ತೋರಿದ ಆ ಜಾಗ್ರತೆ ಕೋರಿ ರೊಟ್ಟಿಯ ನಮ್ಮ ತಟ್ಟೆಗೂ ಸಲ್ಲಬೇಕು ಎಂದು ನಾನು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ.

ಕಾನೂನಿನ ಇನ್ನೊಂದು ಅಂಶ ರೈತರ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. ಔಷಧಿ ಕೊಟ್ಟ ಮೇಲೆ ಮಾಂಸ ಮಾರುವ ಮೊದಲು ಎಷ್ಟು ದಿನ ಬಿಡಬೇಕು ಎಂಬುದು ಲೇಬಲ್ಲಿನಲ್ಲಿ ಇರಬೇಕು. ಔಷಧಿ ನಿಯಮಗಳ 2012ರ ತಿದ್ದುಪಡಿಯ ಪ್ರಕಾರ, ಆ ಔಷಧಿಗೆ ಪ್ರತ್ಯೇಕ ಅವಧಿ ನಿಗದಿಯಾಗದಿದ್ದರೆ ಕೋಳಿಮಾಂಸಕ್ಕೆ ಕನಿಷ್ಠ 28 ದಿನ ಬಿಡಬೇಕು. ಬ್ರಾಯ್ಲರ್ ಕೋಳಿಯ ಆಯಸ್ಸೇ 35ರಿಂದ 42 ದಿನ. ಅಂದರೆ ಅಂಥ ಔಷಧಿಯನ್ನು ಮೊದಲ ಒಂದೆರಡು ವಾರ ದಾಟಿದ ಮೇಲೆ ಕೊಡುವಂತೆಯೇ ಇಲ್ಲ.

ನಮ್ಮ ಜಿಲ್ಲೆಗಳ ಮಟ್ಟಿಗೆ ಮಾಂಸದ ಉಳಿಕೆಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಗೊಬ್ಬರ. ದಕ್ಷಿಣ ಕನ್ನಡ, ಉಡುಪಿಗಳ ಅಡಿಕೆ ತೋಟಗಳಿಗೆ ಕೋಳಿಗೊಬ್ಬರ ಹೋಗುವುದು ಎಲ್ಲರೂ ಬಲ್ಲ ವಿಷಯ. ಬ್ಯಾಚು ಮುಗಿದು ಕೋಳಿ ಲಾರಿ ಹತ್ತಿದ ಮೇಲೆ, ಮರದ ಹುಡಿಯೋ ಭತ್ತದ ಉಮಿಯೋ ಹಿಕ್ಕೆಯೊಂದಿಗೆ ಕೂಡಿ ಆದ ಲಿಟರನ್ನು ಗೋಣಿಗೆ ತುಂಬಿ ಮಾರುತ್ತಾರೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳ ದೊಡ್ಡ ಭಾಗ ಕೋಳಿಯ ಮೈಯಲ್ಲಿ ಬದಲಾಗದೆ ಹಿಕ್ಕೆಯಲ್ಲೇ ಹೊರಬರುತ್ತದೆ. ಅದರ ಜೊತೆ ಪ್ರತಿರೋಧ ಕಲಿತ ಬ್ಯಾಕ್ಟೀರಿಯಾಗಳೂ, ಆ ಪಾಠವನ್ನು ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲ ವಂಶವಾಹಿಗಳೂ ಇರುತ್ತವೆ. ಇದನ್ನು ಚೆನ್ನಾಗಿ ಕಳಿಯಲು ಬಿಡದೆ ಹಸಿಹಸಿಯಾಗಿ ಅಡಿಕೆಯ ಬುಡಕ್ಕೆ ಹಾಕಿದರೆ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಚೀಚೆ ಮಳೆ ಬೀಳುವ ನೆಲದಲ್ಲಿ, ತೂತುತೂತಾದ ಮುರಕಲ್ಲಿನ ಮೂಲಕ ನೀರು ಬಾವಿಯತ್ತ ಇಳಿಯುವ ನಾಡಿನಲ್ಲಿ, ಅದು ತೋಟದಲ್ಲೇ ನಿಲ್ಲುತ್ತದೆ ಎಂದು ನಂಬುವುದು ಕಷ್ಟ. ಮಂಗಳೂರು-ಮಣಿಪಾಲಗಳ ಆಸ್ಪತ್ರೆಯ ವಾರ್ಡುಗಳಿಗೂ ಹಳ್ಳಿಯ ಬಾವಿಕಟ್ಟೆಗೂ ನಡುವಿನ ದೂರ ಬ್ಯಾಕ್ಟೀರಿಯಾಕ್ಕೆ ದೊಡ್ಡದಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಅದರಲ್ಲಿ ಕೋಳಿ ಸಾಕಣೆಯ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು. ಪಾಲಿಲ್ಲ ಎನ್ನಲಂತೂ ಆಗದು.

ಇನ್ನು ಗಿಡಮೂಲಿಕೆಗೆ ಬರೋಣ. ಥೈಮಾಲ್, ಕಾರ್ವಕ್ರಾಲ್‌ಗಳು ಬ್ಯಾಕ್ಟೀರಿಯಾದ ಹೊರಪೊರೆಯ ಕೊಬ್ಬಿನಲ್ಲಿ ಸೇರಿಕೊಂಡು ಅದನ್ನು ಸೋರುವಂತೆ ಮಾಡುತ್ತವೆ. ಲವಂಗ ಮತ್ತು ತುಳಸಿಯ ಯುಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಬೆಳ್ಳುಳ್ಳಿಯ ಆಲಿಸಿನ್ ಇವುಗಳಿಗೂ ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ತಡೆಯುವ ಶಕ್ತಿಯಿದೆ. ಅರಿಶಿನದ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸುತ್ತದೆ. ನೆಲಬೇವು, ನೆಲನೆಲ್ಲಿಗಳು ಯಕೃತ್ತಿಗೆ ಹಿತವೆಂದು ಪಶುವೈದ್ಯರೂ ಬಳಸುತ್ತಾರೆ. ಇವುಗಳಲ್ಲಿ ಕೆಲವು ಜೀರ್ಣರಸವನ್ನು ಹೆಚ್ಚಿಸುತ್ತವೆ ಎಂದು ತೋರಿಸಿದ ಪ್ರಯೋಗಗಳೂ ಇವೆ. ಒಂದು ಮಾತನ್ನು ಮಾತ್ರ ನಡುವೆಯೇ ಹೇಳಿಬಿಡಬೇಕು. ಮೆಣಸಿನ ಖಾರದಿಂದ ಕೋಳಿಯ ಬಾಯಿ ಚುರುಕಾಗಿ ಹಸಿವು ಹೆಚ್ಚುತ್ತದೆ ಎಂದು ಕೆಲವು ಕರಪತ್ರಗಳಲ್ಲಿ ಓದಿದ್ದೇನೆ. ಹಕ್ಕಿಗಳ ನರಗಳಲ್ಲಿರುವ ಗ್ರಾಹಕಕ್ಕೆ ಮೆಣಸಿನ ಕ್ಯಾಪ್ಸೈಸಿನ್ ತಾಗುವುದೇ ಇಲ್ಲ. ಖಾರ ಎಂಬುದೇ ಅವುಗಳಿಗೆ ತಿಳಿಯದು. ನಮ್ಮ ನಾಲಗೆಯ ಅನುಭವವನ್ನು ಕೋಳಿಗೆ ಹಚ್ಚಿ ಮಾಡುವ ಇಂಥ ವಾದಗಳು ಗಿಡಮೂಲಿಕೆಯ ನಿಜವಾದ ಯೋಗ್ಯತೆಗೇ ಕುಂದು ತರುತ್ತವೆ.

ತೊಡಕು ಇರುವುದು ಪ್ರಮಾಣದಲ್ಲಿ. ದಾಲ್ಚಿನ್ನಿ ಮರದ ತೊಗಟೆಯ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಹೆಚ್ಚು. ಅದೇ ಮರದ ಎಲೆಯ ಎಣ್ಣೆಯಲ್ಲಿ ಯುಜಿನಾಲ್ ಹೆಚ್ಚು. ಮರ ಒಂದೇ, ಔಷಧಿ ಎರಡು. ಸಾಂಬ್ರಾಣಿಯಲ್ಲೂ ಒಂದು ಹಿತ್ತಿಲಿನ ಗಿಡದಲ್ಲಿ ಕಾರ್ವಕ್ರಾಲ್ ಮೇಲುಗೈ ಆದರೆ ಇನ್ನೊಂದು ಊರಿನದ್ದರಲ್ಲಿ ಥೈಮಾಲ್ ಮೇಲುಗೈ ಆಗಬಹುದು. ಅರಿಶಿನದ ಉದಾಹರಣೆಯನ್ನು ಅಂಕೆಯಲ್ಲೇ ನೋಡೋಣ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೂಷ್ಟು ಹಿಡಿದ ಧಾನ್ಯದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷದ ವಿರುದ್ಧ ಬ್ರಾಯ್ಲರ್ ಮರಿಗಳಿಗೆ ಶೇ. 0.5ರಷ್ಟು ಅರಿಶಿನದ ಹುಡಿ ಕೊಟ್ಟಾಗ ಭಾಗಶಃ ರಕ್ಷಣೆ ಸಿಕ್ಕಿತು. ಘಟ್ಟದ ಮೇಲಿನಿಂದ ಬಂದ ಜೋಳ ಮಳೆಗಾಲದ ಗೋದಾಮಿನಲ್ಲಿ ಬೆವರುವ ಕರಾವಳಿಗೆ ಇದು ತುಂಬ ಬೇಕಾದ ಸುದ್ದಿ. ಆದರೆ ಆ ಪ್ರಯೋಗದ ಫೀಡಿನಲ್ಲಿ ಕಿಲೋಗೆ 74 ಮಿಲಿಗ್ರಾಂ ಕರ್ಕ್ಯುಮಿನ್ ಇತ್ತು, ಅಂದರೆ ಆ ಅರಿಶಿನದಲ್ಲಿ ಕರ್ಕ್ಯುಮಿನ್ ಶೇ. 1.5ಕ್ಕಿಂತಲೂ ತುಸು ಕಡಿಮೆ. ಮಾರುಕಟ್ಟೆಯಲ್ಲಿ ಶೇ. 2ರಿಂದ 5ರವರೆಗಿನ ಅರಿಶಿನ ಸಿಗುತ್ತದೆ. "ಶೇ. 0.5 ಅರಿಶಿನ" ಎಂಬ ಒಂದೇ ಮಾತಿನ ಹಿಂದೆ ಮೂರು ಪಟ್ಟು ವ್ಯತ್ಯಾಸ ಅಡಗಿರಬಹುದು.

ಇದೇ ಕಾರಣಕ್ಕೆ ಸಾರ, ಅಂದರೆ ಎಕ್ಸ್‌ಟ್ರಾಕ್ಟ್ ಎಂಬ ರೂಪ ಬಂತು. ಐದು ಸಾವಿರ ಕೋಳಿಯ ಒಂದು ಬ್ಯಾಚನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕೋಳಿಗೆ ಎರಡು ಕಿಲೋ ತೂಕ, ಒಂದು ಕಿಲೋ ತೂಕಕ್ಕೆ 1.6 ಕಿಲೋ ಫೀಡ್ ಎಂದರೆ ಒಟ್ಟು 16 ಟನ್ ಫೀಡ್ ಬೇಕು. ಇದಕ್ಕೆ ಬ್ಯಾಸಿಟ್ರಾಸಿನ್ ಟನ್ನಿಗೆ 50 ಗ್ರಾಂ ಎಂದು ಇಟ್ಟುಕೊಂಡರೂ 800 ಗ್ರಾಂ ಸಾಕು. ಅರಿಶಿನದ ಹುಡಿ ಶೇ. 0.5ರಂತೆ ಹಾಕಿದರೆ 80 ಕಿಲೋ ಬೇಕು. ಅದರಲ್ಲಿ ಕೆಲಸ ಮಾಡುವ ಕರ್ಕ್ಯುಮಿನ್, ಮೇಲಿನ ಪ್ರಯೋಗದ ಲೆಕ್ಕದಲ್ಲಿ, ಸುಮಾರು 1.2 ಕಿಲೋ. ಉಳಿದ 78 ಕಿಲೋಗೂ ಮೀರಿದ ಪಿಷ್ಟ-ನಾರು ಫೀಡಿನಲ್ಲಿ ಸುಮ್ಮನೆ ಜಾಗ ಹಿಡಿಯುತ್ತದೆ. ಸಾರ ತೆಗೆದರೆ ಸಾಗಾಟವೂ ಕಡಿಮೆ, ಅಳತೆಯೂ ಖಚಿತ. ಹಾಗಾಗಿ ಹಿತ್ತಿಲಿನ ಸೊಪ್ಪು ಅರೆದು ಹಾಕುವುದು ಹತ್ತು ಊರಕೋಳಿಗಳಿಗೆ ಸರಿ. ಐದು ಸಾವಿರದ ಶೆಡ್ಡಿಗೆ ಅದು ನಡೆಯುವ ಮಾತಲ್ಲ ಎಂದು ಆ ಹಿರಿಯರಿಗೆ ಹೇಳಿದೆ.

ಈ ಖಚಿತತೆಯ ಬೆಲೆ ತುಳುನಾಡಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲೇ ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಕುಡಿಯುವ ಮನೆಗಳಲ್ಲಿ, ಮರ ಗುರುತಿಸಲು ಬಲ್ಲವರನ್ನೇ ಕಳಿಸುತ್ತಾರೆ; ಹಾಲೆಯೆಂದು ತಿಳಿದು ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು ಎಂದು ಹಿರಿಯರು ಎಚ್ಚರಿಸುತ್ತಾರೆ. ಯಾವ ಮರ, ಯಾವ ಭಾಗ, ಯಾವ ಹೊತ್ತು, ಎಷ್ಟು ಪ್ರಮಾಣ ಎಂಬ ನಾಲ್ಕೂ ಆ ಆಚರಣೆಯಲ್ಲಿವೆ. ಫಾರಂಗೆ ಬರುವ ಗಿಡಮೂಲಿಕೆಯ ಪ್ಯಾಕೆಟ್ಟುಗಳಲ್ಲಿ ನಾನು ಕಂಡದ್ದು ಬಹುತೇಕ ಗಿಡಗಳ ಪಟ್ಟಿ ಮಾತ್ರ. ಯಾವ ಸಂಯುಕ್ತ ಶೇಕಡಾ ಎಷ್ಟಿದೆ, ಭಾರಲೋಹಗಳಿಗೆ ಪರೀಕ್ಷೆ ಆಗಿದೆಯೇ, ಅದರೊಳಗೆ ಆ್ಯಂಟಿಬಯಾಟಿಕ್ ಬೆರೆತಿಲ್ಲ ಎಂಬುದಕ್ಕೆ ಪ್ರಯೋಗಾಲಯದ ವರದಿ ಇದೆಯೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಇರಲಿಲ್ಲ. ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆಯೂ ಸರಿಯಲ್ಲ. ಬೇವಿನ ಪ್ರಮಾಣ ಹೆಚ್ಚಾದರೆ ಕೋಳಿ ಮೇವು ಬಿಡುತ್ತದೆ. ಗಿಡಗಳ ಒಗರಿನ ಅಂಶವಾದ ಟ್ಯಾನಿನ್ ಹೆಚ್ಚಾದರೆ ಪ್ರೋಟೀನ್ ಕಟ್ಟಿಹಾಕುತ್ತದೆ. ಕಾಳುಮೆಣಸಿನ ಪೈಪರಿನ್ ಔಷಧಿಗಳನ್ನು ಒಡೆಯುವ ಕಿಣ್ವಗಳನ್ನು ತಡೆಯುವ ಗುಣವುಳ್ಳದ್ದಾದ್ದರಿಂದ, ಚಿಕಿತ್ಸೆಗೆಂದು ಬೇರೆ ಔಷಧಿ ಕೊಟ್ಟಿರುವಾಗ ಅದನ್ನು ಜೊತೆಗೆ ಕೊಡುವ ಮುನ್ನ ಪಶುವೈದ್ಯರನ್ನು ಕೇಳಬೇಕು.

ಪ್ರಯೋಗಗಳ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗದಿರಲು ಇದೂ ಒಂದು ಕಾರಣ. ಒಂದರಲ್ಲಿ ಗಿಡದ ಸಾರ ಆ್ಯಂಟಿಬಯಾಟಿಕ್ಕಿಗೆ ಸಮ; ಇನ್ನೊಂದರಲ್ಲಿ ಏನೂ ಪರಿಣಾಮವಿಲ್ಲ. ಗಿಡದ ಗುಣಮಟ್ಟದ ವ್ಯತ್ಯಾಸದ ಜೊತೆ ಇನ್ನೆರಡು ಸಂಗತಿಗಳಿವೆ. ಪರಿಮಳದ ಎಣ್ಣೆಗಳು ಹಾರಿಹೋಗುವಂಥವು; ಫೀಡನ್ನು ಪೆಲೆಟ್, ಅಂದರೆ ಗುಳಿಗೆ ಮಾಡುವಾಗ 75ರಿಂದ 85 ಡಿಗ್ರಿ ಬಿಸಿಯ ಹಬೆ ಕೊಡುತ್ತಾರೆ, ಅಲ್ಲೇ ಒಂದಷ್ಟು ಹೋಗುತ್ತದೆ. ಉಳಿದದ್ದರ ಹೆಚ್ಚಿನ ಪಾಲು ಕರುಳಿನ ಮೊದಲ ಭಾಗದಲ್ಲೇ ರಕ್ತಕ್ಕೆ ಸೇರಿಬಿಡುವುದರಿಂದ ಬ್ಯಾಕ್ಟೀರಿಯಾಗಳ ದಟ್ಟಣೆಯಿರುವ ಕೆಳಗಿನ ಭಾಗಕ್ಕೆ ತಲುಪುವುದು ಅತ್ಯಲ್ಪ. ಎಣ್ಣೆಯ ಹನಿಗೆ ಕೊಬ್ಬಿನ ಅಥವಾ ಪಿಷ್ಟದ ತೆಳುಕವಚ ಹೊದಿಸಿ ಕೊಡುವ ತಂತ್ರ ಬಂದದ್ದು ಇದಕ್ಕಾಗಿಯೇ. ಒಳ್ಳೆಯ ಪ್ಯಾಕೆಟ್ ದುಬಾರಿಯಾಗುವುದೂ ಇದರಿಂದಲೇ. ಎರಡನೆಯ ಸಂಗತಿಯೆಂದರೆ, ವಿಶ್ವವಿದ್ಯಾಲಯದ ತೊಳೆದು ಒಣಗಿಸಿದ ಪಂಜರಗಳಲ್ಲಿ ಕೋಳಿಗೆ ಹೊರೆಯೇ ಇರುವುದಿಲ್ಲ. ಹೊರೆಯಿಲ್ಲದಲ್ಲಿ ಆ್ಯಂಟಿಬಯಾಟಿಕ್ಕೂ ಫಲ ಕೊಡದು, ಗಿಡದ ಸಾರವೂ ಕೊಡದು. ಆಗ ಎರಡೂ ಸಮವೆಂದು ಬರೆಯುವುದು ಸುಲಭ, ಆದರೆ ಆ ಸಮತೆಗೆ ಅರ್ಥವಿಲ್ಲ.

ಹಾಗಾದರೆ ಹುಡಿಯನ್ನೇ ತೆಗೆದುಬಿಟ್ಟರೆ ಆಗುವ ನಷ್ಟ ಎಷ್ಟು? ಇದಕ್ಕೆ ಡೆನ್ಮಾರ್ಕಿನ ಬ್ರಾಯ್ಲರ್ ಸಾಕಣೆದಾರರ ಅನುಭವ ಒಳ್ಳೆಯ ಅಳತೆಗೋಲು. 1998ರ ಫೆಬ್ರವರಿಯಲ್ಲಿ ಅವರು ಬೆಳವಣಿಗೆಯ ಆ್ಯಂಟಿಬಯಾಟಿಕ್ಕುಗಳನ್ನು ತಾವಾಗಿಯೇ ನಿಲ್ಲಿಸಿದರು. ಒಂದು ಕಿಲೋ ತೂಕಕ್ಕೆ ಬೇಕಾದ ಫೀಡ್, ಅಂದರೆ ನಮ್ಮವರು ಎಫ್‌ಸಿಆರ್ ಎನ್ನುವುದು, 1.78ರಿಂದ 1.796ಕ್ಕೆ ಏರಿತು, ಸಾಯುವ ಕೋಳಿಗಳ ಪ್ರಮಾಣ ಹೆಚ್ಚಲಿಲ್ಲ. ಆ 0.016ನ್ನು ನಮ್ಮ ಐದು ಸಾವಿರದ ಬ್ಯಾಚಿಗೆ ಹಚ್ಚಿದರೆ 160 ಕಿಲೋ ಫೀಡ್, ಮೂರು ಚಿಲ್ಲರೆ ಗೋಣಿ. ಫೀಡ್ ಕಿಲೋಗೆ 40 ರೂಪಾಯಿ ಎಂದು ಇಟ್ಟುಕೊಂಡರೆ 6,400 ರೂಪಾಯಿ. ಜೀವಂತ ಕೋಳಿಯ ಒಂದು ಕಿಲೋಗೆ 64 ಪೈಸೆ. ಆದರೆ ಈ ಲೆಕ್ಕವನ್ನು ನಮ್ಮಲ್ಲಿಗೆ ಹಾಗೆಯೇ ತರಲು ಬಾರದು. ಅಲ್ಲಿ ಸ್ಯಾಲಿನೋಮೈಸಿನ್ ಎಂಬ ರಕ್ತಭೇದಿ ತಡೆಯುವ ಔಷಧಿಯ ಬಳಕೆ ಅದೇ ಹೊತ್ತಿಗೆ ಹೆಚ್ಚಿತು, ಮತ್ತು ಅದಕ್ಕೆ ಕ್ಲಾಸ್ಟ್ರೀಡಿಯಂ ಅನ್ನು ತಡೆಯುವ ಗುಣವೂ ಇದೆ. ಅದಕ್ಕಿಂತ ಮುಖ್ಯವಾಗಿ, ಅವರ ಶೆಡ್ಡುಗಳು ಸುತ್ತ ಮುಚ್ಚಿ ಗಾಳಿ-ಬಿಸಿಯನ್ನು ಹತೋಟಿಯಲ್ಲಿಟ್ಟವು. ನಮ್ಮವು ತೆರೆದ ಶೆಡ್ಡುಗಳು. ಮಳೆಗಾಲದಲ್ಲಿ ಟಾರ್ಪಾಲ್ ಇಳಿಸಿದರೆ ಅಮೋನಿಯದ ಘಾಟು, ಎತ್ತಿದರೆ ಎರಚಲು.

ಆ ಆಟಿಯ ಮಧ್ಯಾಹ್ನ ಶೆಡ್ಡಿನ ಒಳಗೆ ಹೋದಾಗ ಹಿರಿಯರು ಮೊದಲು ಮಾಡಿದ ಕೆಲಸವೆಂದರೆ ಬಗ್ಗಿ ನೀರಿನ ನಿಪ್ಪಲಿನ ಸಾಲಿನ ಕೆಳಗಿನ ಲಿಟರನ್ನು ಒಂದು ಹಿಡಿ ಎತ್ತಿ ಮುಷ್ಟಿ ಬಿಗಿದು ಬಿಟ್ಟದ್ದು. ಒಣಗಿದ್ದರೆ ಬೆರಳು ಬಿಚ್ಚಿದ ಕೂಡಲೇ ಉದುರಬೇಕು. ಅದು ಉಂಡೆಯಾಗಿ ಅಂಗೈಯಲ್ಲೇ ಕುಳಿತಿತ್ತು, ಬೆರಳಚ್ಚು ಮೂಡಿತ್ತು. ಎರಡು ನಿಪ್ಪಲುಗಳು ತೊಟ್ಟಿಕ್ಕುತ್ತಿದ್ದವು. ಹತ್ತಿರದ ಕೋಳಿಯೊಂದನ್ನು ಎತ್ತಿ ಪಾದ ನೋಡಿದೆವು: ನಡುವೆ ಕಪ್ಪು ಹುಣ್ಣು. ಇಂಥ ನೆಲದಲ್ಲಿ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರೋಪಜೀವಿಯ ಮೊಟ್ಟೆಗಳು ಎರಡು ದಿನದಲ್ಲಿ ಬಲಿಯುತ್ತವೆ. ಅವು ಕೊರೆದ ಕರುಳಿನಲ್ಲಿ ಕ್ಲಾಸ್ಟ್ರೀಡಿಯಂ ನೆಲೆಯೂರುತ್ತದೆ. ಆಮೇಲೆ ಯಾವ ಪ್ಯಾಕೆಟ್ಟಿನ ಸಾಂಬ್ರಾಣಿ-ಓಮವೂ ಹೆಚ್ಚೇನೂ ಮಾಡಲಾರದು. ತೊಟ್ಟಿಕ್ಕುವ ನಿಪ್ಪಲು ಬದಲಿಸುವುದು, ಒದ್ದೆ ಲಿಟರನ್ನು ತೆಗೆದು ಒಣ ಹುಡಿ ಹಾಕುವುದು, ಸುಣ್ಣ ಬೆರೆಸಿ ಕೆದಕುವುದು, ಬಾವಿಯ ನೀರಿಗೆ ಕ್ಲೋರಿನ್ ಅಳೆದು ಹಾಕುವುದು, ಎರಡು ಬ್ಯಾಚುಗಳ ನಡುವೆ ಶೆಡ್ಡಿಗೆ ಎರಡು ವಾರವಾದರೂ ಬಿಡುವು ಕೊಡುವುದು: ಗಿಡಮೂಲಿಕೆಯ ಸಾರ ಕೆಲಸ ಮಾಡಬೇಕಾದರೆ ಇವು ಮೊದಲು ಆಗಬೇಕು. ಸಾರಕ್ಕೆ ಆ್ಯಂಟಿಬಯಾಟಿಕ್ಕಿನಷ್ಟು ಬಲವಿಲ್ಲ. ಅದರ ಗುಣವೂ ಅದೇ, ಮಿತಿಯೂ ಅದೇ.

ಆದರೆ ಈ ಖರ್ಚು ಯಾರದ್ದು? ನಮ್ಮ ಜಿಲ್ಲೆಗಳ ಎಷ್ಟೋ ಫಾರಂಗಳು ಕಂಪೆನಿಗಳ ಒಪ್ಪಂದದಲ್ಲಿ ನಡೆಯುತ್ತವೆ. ಮರಿ, ಫೀಡ್, ಔಷಧಿ ಕಂಪೆನಿಯದು. ಶೆಡ್ಡು, ಕರೆಂಟು, ನೀರು, ಆಳು ರೈತರದು. ರೈತರಿಗೆ ಸಿಗುವುದು ಕಿಲೋ ಲೆಕ್ಕದ ಸಾಕಣೆ ಕೂಲಿ, ಅದೂ ಎಫ್‌ಸಿಆರ್ ಮತ್ತು ಸಾವಿನ ಪ್ರಮಾಣ ನೋಡಿ ಏರುವ ಇಳಿಯುವ ಕೂಲಿ. ಆ್ಯಂಟಿಬಯಾಟಿಕ್ ನಿಲ್ಲಿಸುವ ತೀರ್ಮಾನ ಕಂಪೆನಿಯದ್ದು, ಗಿಡಮೂಲಿಕೆಯ ಪ್ಯಾಕೆಟ್ ಆರಿಸುವುದೂ ಅದೇ. ಎಫ್‌ಸಿಆರ್ ಕೂದಲೆಳೆಯಷ್ಟು ಏರಿದರೆ ಕೂಲಿ ಕಡಿತವಾಗುವುದು ಮಾತ್ರ ರೈತರದ್ದು. ಈ ಏರ್ಪಾಟು ಹೀಗೆಯೇ ಇರುವಷ್ಟು ಕಾಲ, ಔಷಧಿ ಅಂಗಡಿಯಿಂದ ಗುಟ್ಟಾಗಿ ತಂದು ನೀರಿಗೆ ಬೆರೆಸುವ ಆಸೆಯನ್ನು ಯಾವ ಕಾನೂನೂ ಪೂರ್ತಿ ತಡೆಯಲಾರದು. ಕಿಲೋಗೆ 64 ಪೈಸೆಯೋ ಒಂದು ರೂಪಾಯಿಯೋ ಆಗುವ ಆ ಹೊರೆಯನ್ನು ಕಂಪೆನಿಯೂ ತಿನ್ನುವವರೂ ಹೊರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟು. ಶೆಡ್ಡನ್ನು ಬಲೆ ಕಟ್ಟಿ ಮೂರು ಭಾಗ ಮಾಡಿ, ಒಂದೇ ಹ್ಯಾಚರಿಯ ಮರಿಗಳನ್ನು ಸಮನಾಗಿ ಬಿಡಿ. ಒಂದು ಭಾಗಕ್ಕೆ ಹಳೆಯ ಫೀಡ್, ಒಂದಕ್ಕೆ ಹೊಸ ಗಿಡಮೂಲಿಕೆಯದ್ದು, ಮೂರನೆಯದಕ್ಕೆ ಎರಡೂ ಇಲ್ಲದ ಫೀಡ್. ಕಂಪೆನಿಗಳು ತೋರಿಸುವ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ಈ ಮೂರನೆಯ ಭಾಗ. ಅದಿಲ್ಲದೆ ಗಿಡದ ಸಾರ ಕೆಲಸ ಮಾಡಿತೋ, ಇಲ್ಲ ಹೊಸ ನಿಪ್ಪಲು ಮತ್ತು ಒಣ ಲಿಟರ್ ಕೆಲಸ ಮಾಡಿದವೋ ಗೊತ್ತಾಗದು. ವಾರಕ್ಕೊಮ್ಮೆ ತೂಕ, ದಿನದ ಫೀಡ್, ಸತ್ತ ಕೋಳಿ, ಪಾದದ ಹುಣ್ಣು ಬರೆದಿಡಿ. ಆಟಿಯಲ್ಲಿ ಒಂದು ಬ್ಯಾಚು, ಸುಗ್ಗಿಯ ಸೆಕೆಯಲ್ಲಿ ಇನ್ನೊಂದು.

ಹಿರಿಯರು ಒಪ್ಪಿದರು. ಮರುವಾರವೇ ನಿಪ್ಪಲು ಬದಲಾಯಿತು, ಬಲೆ ಬಂತು. ಅವರು ಇಟ್ಟ ಷರತ್ತು ಒಂದೇ: ಏನೂ ಬೆರೆಸದ ಭಾಗದ ಕೋಳಿಗಳ ತೂಕ ಇಳಿದರೆ ಅದಕ್ಕಾಗಿ ತನ್ನ ಕೂಲಿ ಕಡಿಯಬಾರದು, ಅದನ್ನು ಕಂಪೆನಿ ಬರೆದು ಕೊಡಬೇಕು. ಸೂಪರ್‌ವೈಸರ್ ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಕಾಗದ ಇನ್ನೂ ಬಂದಿಲ್ಲ.